ನಾಲಿಗೆ ಹೊರಳದ ಪ್ರಶ್ನೆ

ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು. ಅದರಲ್ಲಿ ಹೆಚ್ಚುಪಾಲು ಕೋಲಾರ ಜಿಲ್ಲೆಯಲ್ಲೇ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಅಂತ ಸುತ್ತಿದ್ದೇ ಸುತ್ತಿದ್ದು. ಸಾಲ ಕೊಡೋದು, ವಸೂಲಿ ಮಾಡೋದು, ಟೊಮೆಟೊ ಬೆಲೆ ಬಿದ್ದಾಗ ಬಾಗಿಲಿಗೆ ಬಂದು ನಿಲ್ಲುವ ರೈತರಿಗೆ ಏನೋ ಒಂದು ಹೇಳಿ ಕಳಿಸೋದು. ನಿವೃತ್ತಿ ಆದ ಮೇಲೆ ಒಬ್ಬ ಡಾಕ್ಟರ್ ಸ್ನೇಹಿತರು ಮನೆಗೆ ಬಂದು, ಕೋಲಾರದಲ್ಲಿ ಒಂದು ಟ್ರಸ್ಟ್ ಮಾಡಿದ್ದೀವಿ, ಮಾನಸಿಕ ಆರೋಗ್ಯ, ಆತ್ಮಹತ್ಯೆ ತಡೆಯೋ ಕೆಲಸ, ಲೆಕ್ಕ ನೋಡೋರು ಒಬ್ಬರು ಬೇಕು ಅಂದರು. ಲೆಕ್ಕ ತಾನೇ ಅಂತ ಒಪ್ಪಿಕೊಂಡೆ.

ಪೂರ್ತಿ ಅದೇ ಕಾರಣ ಅಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಸರ್ವಿಸ್‌ನಲ್ಲಿದ್ದಾಗ ನಾನು ಸಹಿ ಹಾಕಿದ ನೋಟಿಸ್ ಹೋದ ಒಂದು ಮನೆಯಲ್ಲಿ ಸಾವಾಗಿತ್ತು. ನೋಟಿಸಿನಿಂದಲೇ ಅಂತ ಯಾರೂ ಅನ್ನಲಿಲ್ಲ. ಇಂಥ ಸಾವಿಗೆ ಒಂದೇ ಕಾರಣ ಇರೋದಿಲ್ಲ ಅಂತ ಈಗ ಗೊತ್ತಿದೆ. ಆಗ ಗೊತ್ತಿರಲಿಲ್ಲ.

2022ರ ಜೂನ್‌ನಲ್ಲಿ ಹಳೆಯ ಅಧ್ಯಕ್ಷರು ಮಗಳ ಮನೆಗೆ ಅಂತ ಮೈಸೂರಿಗೆ ಹೊರಟರು. ಮಿಕ್ಕ ನಾಲ್ವರು ಟ್ರಸ್ಟಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ನನ್ನ ಮುಖ ನೋಡಿದರು. ಹಾಗೆ ಅಧ್ಯಕ್ಷನಾದೆ. ಬ್ಯಾಂಕಲ್ಲಿ ಹದಿನೈದು ಜನರ ಬ್ರಾಂಚ್ ನಡೆಸಿದವನು, ಇದೇನು ಮಹಾ ಅಂದುಕೊಂಡೆ.

ಮೊದಲ ಆರು ತಿಂಗಳು ಕಾಗದಪತ್ರದಲ್ಲೇ ಹೋಯಿತು. ಟ್ರಸ್ಟ್ ಡೀಡ್, ಪಾನ್, ತೆರಿಗೆ ವಿನಾಯಿತಿಯ 12ಎ, 80ಜಿ, ನೀತಿ ಆಯೋಗದ ದರ್ಪಣ್ ಪೋರ್ಟಲ್, ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ಹಣ ಬೇಕಾದರೆ ಸಿಎಸ್‌ಆರ್-1 ಫಾರಂ. ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಎಲ್ಲರೂ ಭೇಷ್ ಅಂದರು. ನಾನೂ ನಂಬಿಬಿಟ್ಟೆ.

ಆಮೇಲೆ ಒಬ್ಬ ಕೌನ್ಸೆಲರ್ ಬೇಕು ಅಂತ ಜಾಹೀರಾತು ಕೊಟ್ಟೆವು. ಇಪ್ಪತ್ತಕ್ಕಿಂತ ಜಾಸ್ತಿ ಅರ್ಜಿ ಬಂದವು. ಅದರಲ್ಲಿ ಎರಡು ದಿನದ ಆನ್‌ಲೈನ್ ತರಬೇತಿಯ ಸರ್ಟಿಫಿಕೇಟ್ ಲಗತ್ತಿಸಿದವರೂ ಇದ್ದರು, ಕೈ ನೋಡಿ ಹೇಳ್ತೀನಿ ಅಂದವರೂ ಒಬ್ಬರಿದ್ದರು. ನನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಡಾಕ್ಟರ್ ಸ್ನೇಹಿತರೇ ಕೂರಿಸಿ ಹೇಳಿಕೊಟ್ಟರು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಮನೋರೋಗದಲ್ಲೇ ಓದಿದ ಡಾಕ್ಟರ್, ಮಾತ್ರೆ ಬರೆಯೋರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯೋದಿಲ್ಲ. ಆದರೆ ಎಂ.ಎ. ಆದ ಮೇಲೆ ಎರಡು ವರ್ಷದ ಎಂ.ಫಿಲ್. ಮಾಡಿ, ಆಸ್ಪತ್ರೆಯಲ್ಲಿ ದುಡಿದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರುತ್ತಾರೆ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅಂದರೆ ಮನೆ, ಸಂಬಂಧ, ಕೆಲಸ, ಪಿಂಚಣಿ ಇದನ್ನೆಲ್ಲ ಸೇರಿಸಿ ನೋಡೋರು. ಕೌನ್ಸೆಲರ್ ಅನ್ನೋ ಬೋರ್ಡ್ ಮಾತ್ರ ಯಾರ ಬಾಗಿಲಲ್ಲಿ ಬೇಕಾದರೂ ಕಾಣಬಹುದು, ಅದಕ್ಕೆ ನೋಂದಣಿ ನಂಬರ್ ಕೇಳಿ ಅಂದರು. ಬ್ಯಾಂಕಲ್ಲಿ ಪಹಣಿ ನೋಡದೆ ಬೆಳೆ ಸಾಲ ಕೊಡ್ತೀವಾ ಅಂತ ನನಗೇ ನಾಚಿಕೆ ಆಯಿತು.

ಕೊನೆಗೆ ನಾಲ್ಕೇ ಜನರನ್ನು ಇಂಟರ್‌ವ್ಯೂಗೆ ಕರೆದೆವು. ಬೆಂಗಳೂರಿಂದ ಬಂದಿದ್ದ ಸೈಕಾಲಜಿಸ್ಟ್ ಒಬ್ಬ ಹೆಣ್ಣುಮಗಳು ನಮ್ಮ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಮುಗಿಸಿ, ನನ್ನದೂ ಒಂದು ಪ್ರಶ್ನೆ ಇದೆ ಸಾರ್ ಅಂದರು.

"ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಸ್ವಯಂಸೇವಕರ ಮೊಬೈಲಿಗೆ ಯಾರೋ ಫೋನ್ ಮಾಡಿ, ನನಗೆ ಬದುಕೋದು ಬೇಡ ಅಂತಾರೆ. ಅವರು ಏನು ಮಾಡಬೇಕು ಅಂತ ಎಲ್ಲಿ ಬರೆದಿಟ್ಟಿದ್ದೀರಿ? ತೋರಿಸಿ."

ಎಲ್ಲೂ ಬರೆದಿರಲಿಲ್ಲ. ಧೈರ್ಯ ಹೇಳ್ತಾರೆ ಮೇಡಂ, ಎಲ್ಲ ಅನುಭವಸ್ಥರು ಅಂದೆ. ಅವರು ಸುಮ್ಮನೆ ತಲೆ ಆಡಿಸಿದರು. ಅವರನ್ನೇ ತೆಗೆದುಕೊಂಡೆವು. ವಾರಕ್ಕೆ ಮೂರು ದಿನ ಬರೋದು, ಸಂಬಳ ನಮ್ಮ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ. ಒಬ್ಬ ಟ್ರಸ್ಟಿ, ಪುಕ್ಕಟೆ ಮಾತಾಡೋಕೆ ಇಷ್ಟೊಂದು ಜನ ಇರುವಾಗ ಇದೇನು ಸಾರ್ ದುಂದು ಅಂತ ಕೇಳಿದ್ದು ಇನ್ನೂ ನೆನಪಿದೆ.

ಅವರು ಬಂದು ಮೊದಲು ಮಾಡಿದ ಕೆಲಸ ಒಂದೇ ಒಂದು ಹಾಳೆ. ರಾತ್ರಿ ನಮ್ಮವರು ಯಾರೂ ಒಬ್ಬೊಬ್ಬರೇ ಫೋನ್ ಹಿಡಿದು ಕೂರೋದು ಬೇಡ. ಟೆಲಿ ಮಾನಸ್ ಅನ್ನೋ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು, ನಿಮ್ಹಾನ್ಸ್ ಅದರ ಬೆನ್ನೆಲುಬು, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನ್ ಮಾಡಿದವರನ್ನು ಆ ನಂಬರಿಗೆ ಸೇರಿಸಬೇಕು, ಜೀವಕ್ಕೆ ಆಗಲೇ ಅಪಾಯ ಇದ್ದರೆ 112ಕ್ಕೋ 108ಕ್ಕೋ ಹೇಳಬೇಕು, ಮನೆಯವರು ಯಾರಾದರೂ ಹತ್ತಿರ ಇರುವ ಹಾಗೆ ನೋಡಿಕೊಳ್ಳಬೇಕು, ಬೆಳಗ್ಗೆ ತಪ್ಪದೆ ತಿರುಗಿ ಫೋನ್ ಮಾಡಬೇಕು. ಇಷ್ಟೇ. ಇದನ್ನು ಬರೆಯೋಕೆ ಅಧ್ಯಕ್ಷ ಬೇಕಿರಲಿಲ್ಲ, ತಿಳಿದವರು ಬೇಕಿತ್ತು.

ಆಮೇಲೆ ತರಬೇತಿ. ನಮ್ಮ ಹನ್ನೆರಡು ಸ್ವಯಂಸೇವಕರು, ಜೊತೆಗೆ ನಾನು. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರು ಕಷ್ಟದಲ್ಲಿರುವವರ ಹಾಗೆ, ಇನ್ನೊಬ್ಬರು ಕೇಳುವವರ ಹಾಗೆ ಮಾತಾಡಬೇಕು. ಕೇಳುವವರು ಒಂದು ಹಂತದಲ್ಲಿ ನೇರವಾಗಿ "ಸಾಯಬೇಕು ಅನ್ನಿಸ್ತಿದೆಯಾ?" ಅಂತ ಕೇಳಲೇಬೇಕು. ನನಗೆ ನಾಲಿಗೆ ಹೊರಳಲಿಲ್ಲ. ನಿಜವಾಗಲೂ. ಏನಾದ್ರೂ... ಹೆಚ್ಚು ಕಡಿಮೆ... ಏನಾದ್ರೂ ಮಾಡ್ಕೊಳ್ಳೋ ಯೋಚನೆ... ಅಂತ ತಡವರಿಸಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಅಲ್ವಾ ಹೇಳೋದು? "ಏನಾದ್ರೂ ಮಾಡ್ಕೊಂಡುಬಿಟ್ಟೀಯ" ಅಂತ ಅಮ್ಮಂದಿರು ಅಳ್ತಾರೆ, "ಹೆಚ್ಚುಕಡಿಮೆ ಮಾಡ್ಕೊಂಡ" ಅಂತ ಊರು ಪಿಸುಗುಡುತ್ತೆ, ಆ ಪದ ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಹೆದರಿಕೆ. ಹಾಗಾಗೋದಿಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಹಗುರ ಆಗುತ್ತೆ, ಇದನ್ನು ಸಂಶೋಧನೆ ಮಾಡಿಯೇ ನೋಡಿದ್ದಾರೆ ಅಂದರು ಮೇಡಂ. "ಮುಚ್ಚಿ ಕೇಳಿದರೆ ಅವರೂ ಮುಚ್ಚಿಯೇ ಉತ್ತರ ಕೊಡ್ತಾರೆ ಸಾರ್."

ಇನ್ನೊಂದು ತಮಾಷೆ. ತರಬೇತಿಯ ಕಾಗದವೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಯಲ್ಲಿ ಜನ ಅಳೋದು ತೆಲುಗಲ್ಲಿ. ಆ ಪ್ರಶ್ನೆಯನ್ನು ಕೋಲಾರದ ತೆಲುಗಲ್ಲಿ, ಕೆಜಿಎಫ್ ಕಡೆಯವರಿಗೆ ತಮಿಳಲ್ಲಿ ಹೇಗೆ ಕೇಳೋದು ಅಂತ ಒಂದಿಡೀ ಮಧ್ಯಾಹ್ನ ಚರ್ಚೆ ಮಾಡಿದೆವು. ಅಲ್ಲಿ ಮೇಡಂ ಸುಮ್ಮನೆ ಕೂತು ಬರೆದುಕೊಂಡರು. ಅವತ್ತು ನಾವು ಮೇಷ್ಟ್ರು.

ಪೊಲೀಸ್ ಕೇಸಿನ ವಿಷಯದಲ್ಲೂ ನಮಗೆ ತಪ್ಪು ತಿಳಿವಳಿಕೆ ಇತ್ತು. ಒಂದು ಮನೆಯವರು ಮಗಳ ವಿಷಯವನ್ನು ಆಸ್ಪತ್ರೆಗೆ ಹೇಳದೆ ಮುಚ್ಚಿಟ್ಟಿದ್ದರು, ಕೇಸ್ ಆಗುತ್ತೆ, ಮದುವೆ ಆಗೋದಿಲ್ಲ ಅಂತ. ನಮ್ಮ ಸ್ವಯಂಸೇವಕರೂ ಹೌದೌದು ಅಂದುಕೊಂಡು ಬಂದಿದ್ದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಓದಿಸಿದ ಮೇಲೆ ಗೊತ್ತಾಯಿತು, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡೋದು ಸರ್ಕಾರದ ಹೊಣೆ ಅಂತ. ಆ ಪ್ರಯತ್ನವನ್ನೇ ಅಪರಾಧ ಅನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈನಿಂದ ಬಂದ ಹೊಸ ಕಾನೂನಿನಲ್ಲಿ ಹಾಗೆ ಉಳಿದೇ ಇಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ.

2023ರ ಸೆಪ್ಟೆಂಬರ್ 10, ಭಾನುವಾರ. ವಿಶ್ವ ಆತ್ಮಹತ್ಯೆ ತಡೆ ದಿನ. ನಮಗೆ ವರ್ಷಕ್ಕೆ ಒಳ್ಳೆಯ ಮೊತ್ತ ಕೊಡುತ್ತಿದ್ದ ಒಬ್ಬ ದಾನಿಗಳು, ಒಂದು ದೊಡ್ಡ ಕಾರ್ಯಕ್ರಮ ಮಾಡೋಣ, ನಿಮ್ಮಿಂದ ಬದುಕುಳಿದ ಒಬ್ಬರನ್ನಾದರೂ ವೇದಿಕೆಗೆ ಕರೆಸಿ ಶಾಲು ಹೊದಿಸೋಣ, ಜನಕ್ಕೆ ಸ್ಫೂರ್ತಿ ಬರುತ್ತೆ ಅಂದರು. ಮೇಡಂ ಕೇಳಿದ ತಕ್ಷಣ ಬೇಡ ಅಂದರು. ಯಾಕೆ ಅಂತ ವಿವರಿಸೋಕೂ ಹೊರಟರು. ನಾನು ಮಧ್ಯದಲ್ಲೇ ತಡೆದು, "ಮೇಡಂ, ಇದು ಆಡಳಿತದ ವಿಷಯ, ನಾನು ನೋಡ್ಕೋತೀನಿ" ಅಂದೆ. ಬ್ಯಾಂಕಲ್ಲಿ ಕಿರಿಯ ಅಧಿಕಾರಿಗಳಿಗೆ ಹೇಳುತ್ತಿದ್ದೆನಲ್ಲ, ಅದೇ ದನಿ.

ಒಬ್ಬ ಹುಡುಗ ಇದ್ದ. ಇಪ್ಪತ್ತಾರು ವರ್ಷ, ಟೊಮೆಟೊ ಬೆಳೆಯುವವನು, ಊರು ಬೇಡ. ನಮ್ಮ ಹತ್ತಿರ ನಾಲ್ಕು ತಿಂಗಳು ಬಂದು ಹೋಗಿ ಚೇತರಿಸಿಕೊಂಡಿದ್ದ. ಅವನ ಸಾಲದ ಕಂತನ್ನು ಮುಂದಕ್ಕೆ ಹಾಕಿಸೋಕೆ ನಾನೇ ಅವನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಫೋನ್ ಮಾಡಿ ಬರ್ತೀಯಾ ಅಂದೆ. "ಆಯ್ತು ಸಾರ್, ನೀವು ಹೇಳಿದ ಮೇಲೆ" ಅಂದ. ಒಪ್ಪಿಗೆ ಸಿಕ್ಕಿತು ಅಂತ ಮೇಡಂಗೂ ಹೇಳಿದೆ, ಗೆದ್ದವನ ಹಾಗೆ.

ಕಾರ್ಯಕ್ರಮದಲ್ಲಿ ಮೊದಲು ನನ್ನ ಭಾಷಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿ ಓದಿದೆ. ಒಂದು ವರ್ಷದಲ್ಲಿ ದೇಶದಲ್ಲಿ ಲಕ್ಷಕ್ಕೂ ಜಾಸ್ತಿ, ನಮ್ಮ ರಾಜ್ಯದಲ್ಲಿ ಸಾವಿರಾರು ಅಂತ. ಆ ವರ್ಷದ ಕೊನೆಗೆ ಬಂದ 2022ರ ವರದಿಯಲ್ಲಿ ದೇಶಕ್ಕೆ 1,70,924, ಕರ್ನಾಟಕಕ್ಕೆ 13,606 ಅಂತ ಇತ್ತು. ಮೇಡಂ ಆಮೇಲೊಮ್ಮೆ ಕೇಳಿದರು, ಈ ಸಂಖ್ಯೆ ಕೇಳಿಸಿಕೊಂಡು ಮೂರನೇ ಸಾಲಲ್ಲಿ ಕೂತವರು ಏನು ಮಾಡಬೇಕು ಸಾರ್ ಅಂತ. ಉತ್ತರ ಇರಲಿಲ್ಲ. ಬೆಚ್ಚಿಬೀಳಿಸೋದೇ ಭಾಷಣ ಅಂತ ತಿಳಿದಿದ್ದೆ.

ಆಮೇಲೆ ಶಾಲು, ಹಾರ, ಫೋಟೋ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಸಂಜೆಯೊಳಗೆ ಆ ಫೋಟೋ ಊರೂರಿನ ವಾಟ್ಸಾಪ್ ಗ್ರೂಪಿನಲ್ಲಿ, ಕೆಳಗೆ ಅವನ ಹೆಸರು, ಊರು, ಅವನೇನು ಮಾಡಿಕೊಳ್ಳಲು ಹೋಗಿದ್ದ ಅನ್ನೋದು ಎಲ್ಲ ಸೇರಿಸಿ. ಅವನ ಮನೆಯಲ್ಲಿ ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲವಂತೆ. ತಂಗಿಗೆ ನೋಡಿದ್ದ ಸಂಬಂಧದವರು ಮುಂದಿನ ವಾರ ಬರೋದಿಲ್ಲ ಅಂತ ಹೇಳಿ ಕಳಿಸಿದರು. ಹುಡುಗ ನಮ್ಮ ಫೋನ್ ಎತ್ತೋದು ಬಿಟ್ಟ.

ಹನ್ನೊಂದು ದಿನ. ಆ ಹನ್ನೊಂದು ದಿನ ನಾನು ಹೇಗಿದ್ದೆ ಅಂತ ಬರೆಯೋಕೆ ಹೋಗೋದಿಲ್ಲ.

ಮೇಡಂ ನನ್ನನ್ನು ಬೈಯಲಿಲ್ಲ. ಸ್ವತಃ ಬಸ್ಸು ಹತ್ತಿ ಅವನ ತಾಯಿಯನ್ನು ನೋಡಿ ಬಂದರು. ನಾನೂ ಬರ್ತೀನಿ ಅಂದಾಗ, ಈಗ ಬೇಡ, ಅವನು ಒಪ್ಪಿದ ಮೇಲೆ ಅಂದರು. ಅವನು ಒಪ್ಪಲು ಇನ್ನೂ ಒಂದು ತಿಂಗಳಾಯಿತು. ಹೋಗಿ ಕ್ಷಮೆ ಕೇಳಿದೆ. "ನಿಮಗೆ ಇಲ್ಲ ಅನ್ನೋಕೆ ಆಗಲಿಲ್ಲ ಸಾರ್, ಕಂತು ಮಾಡಿಸಿಕೊಟ್ಟಿದ್ರಲ್ಲ" ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಋಣದಲ್ಲಿರುವವನ ಹತ್ತಿರ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮೂವತ್ತೊಂದು ವರ್ಷ ಸಾಲಗಾರರ ಸಹಿ ಹಾಕಿಸಿದವನಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಿರಬೇಕಿತ್ತು.

ಆಮೇಲೆ ಅದೇ 2017ರ ಕಾಯ್ದೆಯನ್ನು ಬ್ಯಾಂಕ್ ಸರ್ಕ್ಯುಲರ್ ಓದುವ ಹಾಗೆ ಕೂತು ಪೂರ್ತಿ ಓದಿದೆ. 23ನೇ ಸೆಕ್ಷನ್ ಗೋಪ್ಯತೆ. 24ನೆಯದು ಇನ್ನೂ ನೇರ, ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಮೇಡಂ ಅವತ್ತು ಹೇಳಲು ಹೊರಟಿದ್ದು ಇದೇ ಇರಬೇಕು. ನಾನು ಕೇಳಿಸಿಕೊಂಡಿರಲಿಲ್ಲ.

ಟ್ರಸ್ಟಿನ ಸಭೆ ಕರೆದು ಒಂದು ಠರಾವು ಮಾಡಿದೆವು. ನಮ್ಮ ಹತ್ತಿರ ಬರುವವರಿಗೆ ಸಂಬಂಧಪಟ್ಟ ಯಾವುದೇ ವಿಷಯದಲ್ಲಿ ಸೈಕಾಲಜಿಸ್ಟ್ ಬೇಡ ಅಂದರೆ ಅದು ಬೇಡ, ಅಧ್ಯಕ್ಷರಾಗಲಿ ದಾನಿಗಳಾಗಲಿ ಅದನ್ನು ಮೀರುವ ಹಾಗಿಲ್ಲ. ನಡಾವಳಿ ಪುಸ್ತಕದಲ್ಲಿ ನಾನೇ ನನ್ನ ಕೈಯಾರೆ ಬರೆದೆ. ದಾನಿಗಳು ಮುಂದಿನ ವರ್ಷ ಹಣ ಕೊಡಲಿಲ್ಲ. ಕೆಟ್ಟವರಲ್ಲ ಅವರು, ಒಂದು ಫೋಟೋನೂ ಇಲ್ಲದ ಕೆಲಸಕ್ಕೆ ಹೇಗೆ ಕೊಡೋದು ಅನ್ನೋದು ಅವರ ಕಷ್ಟ. ಸಿಎಸ್‌ಆರ್‌ನವರದೂ ಅದೇ ರಾಗ, ಎಷ್ಟು ಜೀವ ಉಳಿಸಿದಿರಿ, ನಂಬರ್ ಹೇಳಿ. ಆಗದೇ ಇದ್ದದ್ದನ್ನು ಹೇಗೆ ಎಣಿಸೋದು? ಈಗ ನಾನು ಕೊಡುವ ವರದಿಯಲ್ಲಿ ಮೂರೇ ಸಾಲು. ಎಷ್ಟು ಜನ ಮಾತಾಡಿದರು, ಎಷ್ಟು ಜನರನ್ನು ಡಾಕ್ಟರ್ ಹತ್ತಿರ ಮುಟ್ಟಿಸಿದೆವು, ಮುಟ್ಟಿದ ಮೇಲೆ ಎಷ್ಟು ಜನಕ್ಕೆ ತಿರುಗಿ ಫೋನ್ ಮಾಡಿದೆವು. ಇಷ್ಟಕ್ಕೆ ಕೊಡುವವರು ಕೊಡ್ತಾರೆ. ಕಡಿಮೆ ಜನ.

ಆ ಮೂರನೇ ಸಾಲು ಹೇಗೆ ಬಂತು ಅಂತ ಹೇಳಬೇಕು.

2024ರ ಶುರುವಿನಲ್ಲಿ ನಮ್ಮ ಸಂಪರ್ಕದಲ್ಲಿದ್ದ ಒಬ್ಬರು ತೀರಿಕೊಂಡರು. ಒಬ್ಬ ಸ್ವಯಂಸೇವಕಿ ಅವರ ಜೊತೆ ಎರಡು ಸಲ ಮಾತಾಡಿದ್ದರು, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಬರೋಕೆ ಹೇಳಿದ್ದರು. ಸುದ್ದಿ ಕೇಳಿದ ಕೂಡಲೇ ನನ್ನ ತಲೆ ಬ್ಯಾಂಕಿನ ದಾರಿ ಹಿಡಿಯಿತು. ಸಾಲ ಕೆಟ್ಟರೆ ಅಲ್ಲಿ ಸ್ಟಾಫ್ ಅಕೌಂಟಬಿಲಿಟಿ ಅಂತ ವರದಿ ತಯಾರಿಸ್ತಾರೆ, ಯಾರು ಎಲ್ಲಿ ತಪ್ಪಿದರು ಅಂತ. ಅಂಥದ್ದೇ ಒಂದು ಫಾರಂ ಹಿಡಿದು ಕೂತಿದ್ದೆ. ಮೇಡಂ ಬಂದು ಅದನ್ನು ನಿಧಾನವಾಗಿ ಪಕ್ಕಕ್ಕಿಟ್ಟು, "ಮೊದಲು ಟೀ ತರಿಸಿ ಸಾರ್" ಅಂದರು.

ಎಲ್ಲರೂ ನೆಲದ ಮೇಲೆ ಕೂತೆವು. ಆ ಸ್ವಯಂಸೇವಕಿ ಮಾತಾಡಲಿಲ್ಲ, ಅಳಲೂ ಇಲ್ಲ, ಟೀ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ಒಂದು ವಾರ ಬಿಟ್ಟು ಪರಿಶೀಲನೆ ಮಾಡಿದೆವು. ಪ್ರಶ್ನೆ ಯಾರು ತಪ್ಪಿದರು ಅನ್ನೋದಲ್ಲ, ದಾರಿಯಲ್ಲಿ ಎಲ್ಲಿ ಗುಂಡಿ ಇತ್ತು ಅನ್ನೋದು. ಗುಂಡಿ ಸಿಕ್ಕಿತು. ಗುರುವಾರ ಮಾತಾಡಿದ್ದರು, ಮಂಗಳವಾರ ಕ್ಲಿನಿಕ್. ನಡುವಿನ ದಿನಗಳಲ್ಲಿ ಅವರಿಗೆ ಯಾರಾದರೂ ಫೋನ್ ಮಾಡಬೇಕು ಅಂತ ನಮ್ಮ ಆ ಹಾಳೆಯಲ್ಲಿ ಇರಲಿಲ್ಲ. ರಾತ್ರಿ ಕರೆಗೆ ಬರೆದಿದ್ದೆವು, ಹಗಲಿನದಕ್ಕೆ ಬರೆದಿರಲಿಲ್ಲ.

ಆಗ ಮೇಡಂ ಒಂದು ಅಧ್ಯಯನದ ವಿಷಯ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ ಮಾಡಿದ್ದು, 2008ರಲ್ಲಿ ಪ್ರಕಟ ಆಯಿತು. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದವರ ಜೊತೆ ಒಂದು ಗಂಟೆ ಕೂತು ಮಾತಾಡಿ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಲ್ಲೋ ಮನೆಗೆ ಹೋಗಿಯೋ ಹೇಗಿದ್ದೀರಿ ಅಂತ ವಿಚಾರಿಸಿದರು. ಅಷ್ಟೇ. ವಿಚಾರಿಸಿದವರಲ್ಲಿ ಸಾವು ಗಮನಿಸುವಷ್ಟು ಕಡಿಮೆ ಆಯಿತು. ನಮ್ಮ ಕಡೆ ಅಕ್ಕಪಕ್ಕದವರು "ಊಟ ಆಯ್ತಾ" ಅಂತ ಕೇಳ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ತಾರೀಖು ಬರೆದಿಟ್ಟುಕೊಂಡು, ಮರೆಯದೆ. ಇದನ್ನು ನಡೆಸೋದು ನನಗೆ ಬರುತ್ತಿತ್ತು. ಕಂತಿನ ಡ್ಯೂ ಡೇಟ್ ರಿಜಿಸ್ಟರ್ ಇಟ್ಟವನು ನಾನು. ಮೊದಲ ಫೋನ್ 24 ಗಂಟೆಯೊಳಗೆ, ಆಮೇಲೆ ಮೂರನೇ ದಿನ, ವಾರ, ಹದಿನೈದು ದಿನ ಹೀಗೆ. ಹೆಸರಿಲ್ಲ, ನಂಬರ್ ಮಾತ್ರ. ಈ ರಿಜಿಸ್ಟರ್ ಒಂದನ್ನು ನಾನು ನನ್ನ ಕೆಲಸ ಅಂತ ಧೈರ್ಯವಾಗಿ ಹೇಳಿಕೊಳ್ಳಬಲ್ಲೆ.

ಇನ್ನೊಂದು ಇದೆ, ಸಾಲದ ಕಾಗದ ಓದೋದು. ನಮ್ಮ ಹತ್ತಿರ ಬರುವವರಲ್ಲಿ ಬಹಳ ಜನಕ್ಕೆ ಸಾಲದ ತಲೆನೋವು ಜೊತೆಗಿರುತ್ತೆ, ಹೆಂಗಸರಿಗೆ ಗುಂಪು ಸಾಲ, ಗಂಡಸರಿಗೆ ಮಂಡಿಯ ಮುಂಗಡ. ಮನಸ್ಸಿನ ಭಾಗ ಮೇಡಂಗೆ, ಪಾಸ್‌ಬುಕ್ ನನಗೆ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಅದರ ಪ್ರತಿ ಹಿಡಿದು ಊರೂರು ತಿರುಗಿದ್ದೇನೆ.

ಆ ಸಾವಾದ ಮೇಲೆ ಮೇಡಂ ತಿಂಗಳಿಗೆ ಎರಡು ಸಲ ಸ್ವಯಂಸೇವಕರನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ ಮಾಡಿದರು. ಯಾವ ಕರೆ ಭಾರ ಆಯಿತು, ಯಾವುದು ಮನೆಗೂ ಬಂತು, ಯಾರು ಸ್ವಲ್ಪ ದಿನ ರಜೆ ತೆಗೆದುಕೊಳ್ಳಬೇಕು ಅಂತ. ಆ ಸ್ವಯಂಸೇವಕಿ ಮೂರು ತಿಂಗಳು ಬಿಟ್ಟು ಹೋಗಿ ಮತ್ತೆ ಬಂದರು. ನನ್ನನ್ನೂ ಕರೆದರು ಒಂದೆರಡು ಸಲ. ನಾನು ಅಧ್ಯಕ್ಷ, ಕರೆ ತೆಗೆದುಕೊಳ್ಳುವವನಲ್ಲ, ನನಗ್ಯಾಕೆ ಮೇಡಂ ಅಂತ ಲೆಕ್ಕದ ಪುಸ್ತಕ ತೆಗೆದು ಕೂತೆ. ಹೊರಗಿನ ಕೋಣೆಯಲ್ಲಿ ಟೀ ಲೆಕ್ಕ ಬರೆಯುತ್ತಾ.

ಮುಂದಿನ ಸೆಪ್ಟೆಂಬರ್ 10ಕ್ಕೆ ವೇದಿಕೆ ಹಾಕಲಿಲ್ಲ. ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ಹೋದೆವು. ಬೆಳೆದವರ ಮುಖ ನೋಡಿಯೇ ಇವತ್ತು ಬೆಲೆ ಎಷ್ಟು ಅಂತ ಹೇಳಬಲ್ಲವರು ಅಲ್ಲಿರುತ್ತಾರೆ, ಮಂಡಿ ರೈಟರ್‌ಗಳು, ಹಮಾಲರು. ಯಾವ ರೈತ ಲೆಕ್ಕದ ಚೀಟಿ ಹಿಡಿದುಕೊಂಡು ಮನೆಗೆ ಹೋಗದೆ ಕೂತಿದ್ದಾನೆ ಅಂತ ಅವರಿಗೇ ಮೊದಲು ಗೊತ್ತಾಗೋದು. ಹರಾಜು ಮುಗಿದ ಮೇಲೆ, ಖಾಲಿ ಕ್ರೇಟುಗಳನ್ನೇ ಕುರ್ಚಿ ಮಾಡಿಕೊಂಡು, ಇಪ್ಪತ್ತೊಂದು ಜನ ಕೂತರು. ಮೇಡಂ ಅದೇ ಎರಡೆರಡು ಜನರ ಆಟ ಹೇಳಿಕೊಟ್ಟರು. ಒಬ್ಬ ಉಳಿದುಹೋದ, ಜೊತೆ ಇಲ್ಲ. ಸಾರ್, ನೀವು ಕೂತ್ಕೊಳ್ಳಿ ಅಂದರು ನನಗೆ.

ಮಂಡಿ ರೈಟರ್ ಹುಡುಗ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ. ಕೈಯಲ್ಲಿ ನಮ್ಮ ಹಾಳೆ. ನನ್ನ ಪಾತ್ರ ನಷ್ಟವಾದ ರೈತ. ಒಂದೆರಡು ಮಾತಾದ ಮೇಲೆ ಅವನು ಒಂಚೂರೂ ತಡವರಿಸದೆ, ನನ್ನ ಕಣ್ಣು ನೋಡಿ ಕೇಳಿಬಿಟ್ಟ.

"ಸಾರ್, ಸಾಯಬೇಕು ಅನ್ನಿಸ್ತಿದೆಯಾ?"

ಹೌದು ಅನ್ನೋದು ನನ್ನ ಪಾತ್ರದ ಉತ್ತರ, ಹಾಳೆಯಲ್ಲಿ ಇತ್ತು. ಬಾಯಿಂದ ಬಂದದ್ದು ಬೇರೆ.

"ಇಲ್ಲಪ್ಪ. ಆದ್ರೆ ರಾತ್ರಿ ನಿದ್ದೆ ಬರ್ತಿಲ್ಲ."

ಅವನು ಹಾಳೆ ನೋಡಿದ. ಅದರಲ್ಲಿ ಈ ಸಾಲು ಇರಲಿಲ್ಲ. ಒಂದು ಕ್ಷಣ ಮೇಡಂ ಕಡೆ ತಿರುಗಿದ, ಅವರು ಬೇರೆಯವರ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದರು. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕ್ರೇಟನ್ನು ಹತ್ತಿರ ಎಳೆದುಕೊಂಡ.

"ಎಷ್ಟು ದಿನದಿಂದ ಸಾರ್?"